ಹಲಗೆಯ ಹೆಜ್ಜೆ, ಪರೇಡಿನ ಹೆಜ್ಜೆ

೧೯೮೩ರಲ್ಲಿ ನಾನು ಶಾಲೆ ಬಿಟ್ಟೆ. ಒಂಬತ್ತನೇ ಇಯತ್ತೆ, ಅದೂ ಅರ್ಧಕ್ಕೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅಪ್ಪನ ಸೊಂಟ ಹಿಡಿದುಕೊಂಡಿತ್ತು, ಕಬ್ಬಿನ ಹಂಗಾಮು ಶುರುವಾಗಿತ್ತು, ಗ್ಯಾಂಗಿನಲ್ಲಿ ಒಂದು ಆಳು ಕಡಿಮೆ ಬಿದ್ದಿತ್ತು. ಮಾಸ್ತರರು ಮನೆಗೆ ಬಂದು ಕಟ್ಟೆಯ ಮೇಲೆ ಕೂತು, "ಹುಡುಗ ಶಾಣ್ಯಾ ಅದಾನ್ರಿ, ಬಿಡಸಬ್ಯಾಡ್ರಿ" ಎಂದರು. ಅಪ್ಪ ನನ್ನ ಮುಖ ನೋಡಿದ. ನಾನು ಪಾಟೀಚೀಲವನ್ನು ಗೂಟಕ್ಕೆ ಸಿಗಿಸಿ, ತಲೆಯ ಮೇಲೆ ಸಿಂಬೆ ಇಟ್ಟುಕೊಂಡು ಹೊರಟೆ. ಆ ದಿನದಿಂದ ಮನೆಯ ರೊಟ್ಟಿಯಲ್ಲಿ ನನ್ನ ಬೆವರೂ ಇತ್ತು. ಅದರ ಬಗ್ಗೆ ನನಗೆ ಇವತ್ತಿಗೂ ಸೊಕ್ಕು ಇದೆ.

ನಮ್ಮದು ಕೃಷ್ಣೆಯ ದಂಡೆಯ ಊರು, ಜುಗೂಳದ ಹತ್ತಿರ. ಹೊಳೆ ದಾಟಿದರೆ ಮರಾಠಿ, ಈಚೆ ಕನ್ನಡ, ನಮ್ಮ ಬಾಯಲ್ಲಿ ಎರಡೂ. ಸುತ್ತಲೂ ಕಬ್ಬು, ಆದರೆ ನಮ್ಮದಲ್ಲ. ನಮಗಿದ್ದದ್ದು ತಗ್ಗಿನಲ್ಲಿ ಒಂದು ತುಂಡು ಸವಳು ಭೂಮಿ. ಅಲ್ಲಿ ಹುಲ್ಲೂ ಮನಸ್ಸಿಟ್ಟು ಬೆಳೆಯುತ್ತಿರಲಿಲ್ಲ.

ಕಡಿದು ಕಟ್ಟಿದ ಕಬ್ಬನ್ನು ಲಾರಿಗೆ ಹೇರುವುದು ನಮ್ಮ ಗ್ಯಾಂಗಿನ ಕೆಲಸ. ಲಾರಿ ಉಗಾರ ಖುರ್ದಕ್ಕೆ, ಫ್ಯಾಕ್ಟರಿಗೆ ಹೋಗಬೇಕು. ಲಾರಿಯ ಹಿಂಬದಿಗೆ ಉದ್ದನೆಯ ಹಲಗೆಯೊಂದನ್ನು ಓರೆಯಾಗಿ ಆನಿಸಿರುತ್ತಿದ್ದೆವು. ತಲೆಯ ಮೇಲೆ ಹೊರೆ, ಹೊರೆಗೆ ಎರಡೂ ಕೈ. ಹಾಗೆಯೇ ಹಲಗೆ ಹತ್ತಿ ಹೋಗಿ ಹೊರೆ ಕೆಡವಿ ಮಗ್ಗುಲಿನಿಂದ ಜಿಗಿಯಬೇಕು. ಒಬ್ಬ ಇಳಿಯುವ ತನಕ ಇನ್ನೊಬ್ಬ ಕಾಯುತ್ತ ನಿಂತರೆ ಲಾರಿ ತುಂಬುವುದಿಲ್ಲ. ಹಾಗಾಗಿ ಹಲಗೆಯ ಮೇಲೆ ಯಾವಾಗಲೂ ಇಬ್ಬರು. ಆ ಇಬ್ಬರ ಕಾಲು ಒಟ್ಟಿಗೇ ಬಿದ್ದರೆ ಹಲಗೆ ಜೋಕಾಲಿಯಾಗುತ್ತದೆ. ಮುಂದಿನ ಹೆಜ್ಜೆಗೆ ಇನ್ನಷ್ಟು ಜೀಕುತ್ತದೆ. ಅದರ ಮುಂದಿನದಕ್ಕೆ ಮನುಷ್ಯ ಒಂದು ಕಡೆ, ಹೊರೆ ಒಂದು ಕಡೆ. ಆದ್ದರಿಂದ ಮುಂದಿನವನ ಹಿಮ್ಮಡ ಎದ್ದಾಗ ನಮ್ಮ ಕಾಲು ಬೀಳಬೇಕು, ಅವನದು ಬಿದ್ದಾಗ ನಮ್ಮದು ಏಳಬೇಕು. ಹೊಸಬರು ತಪ್ಪಿದರೆ, ಹೊರೆ ಹೊರಲಾಗದೆ ಕೆಳಗೆ ನಿಂತಿರುತ್ತಿದ್ದ ಅಪ್ಪ ಕೂಗುತ್ತಿದ್ದ:

"ಹೆಜ್ಜಿ ಮುರೀಲೇ! ಹೆಜ್ಜಿ ಮುರಿ!"

ಒಂದು ಹಂಗಾಮಿನಲ್ಲಿ ನನಗೆ ಅದು ರೂಢಿಯಾಯಿತು. ಮುಂದಿನ ಹಂಗಾಮಿನಲ್ಲಿ ಅದರ ನೆನಪೂ ಇರಲಿಲ್ಲ. ಕಾಲು ತಾನೇ ಮಾಡಿಕೊಳ್ಳುತ್ತಿತ್ತು.

ಹಲಗೆಯ ಮೇಲೆ ನನ್ನ ಮುಂದೆ ನಡೆಯುತ್ತಿದ್ದವನು ನಮ್ಮ ಓಣಿಯವನೇ, ಅಪ್ಪನಿಗಿಂತ ಸ್ವಲ್ಪ ಚಿಕ್ಕವನು. ಅವನನ್ನು ಊರಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅವನು "ಅರ್ಧಾ ಫೌಜಿ". ವಯಸ್ಸಿನಲ್ಲಿ ಸೈನ್ಯಕ್ಕೆ ಸೇರಿ, ತರಬೇತಿ ಮುಗಿಯುವ ಮೊದಲೇ ತಗಡಿನ ಟ್ರಂಕು ಹೊತ್ತು ವಾಪಸು ಬಂದಿದ್ದ. ಯಾಕೆ ಬಂದೆ ಎಂದರೆ ಹೇಳುತ್ತಿರಲಿಲ್ಲ. ಓಡಿ ಬಂದಾನ ಎಂದು ಊರು ತಾನೇ ತೀರ್ಮಾನಿಸಿತ್ತು. ಚಹಾದಂಗಡಿಯವನು, "ಅರ್ಧಾ ಫೌಜಿ ಬಂದಾನ, ಅರ್ಧಾ ಕಪ್ ಹಾಕಲೇ" ಎಂದು ನಗುತ್ತಿದ್ದ. ಅವನ ಹೆಂಡತಿ ನೀರಿಗೆ ಬಂದರೆ "ಅರ್ಧಾ ಫೌಜಿ ಹೇಣ್ತಿ ಬಂದ್ಲು". ಮಗನನ್ನು ಶಾಲೆಗೆ ಹಾಕಿದಾಗ ಹುಡುಗರು ಅವನಿಗೆ, ಅರ್ಧದಲ್ಲಿ ಅರ್ಧವೆಂದು, "ಪಾವ ಫೌಜಿ" ಎಂಬ ಹೆಸರಿಟ್ಟರು. ಮೊಮ್ಮಗ ಹುಟ್ಟಿದರೆ ಏನಂತಾರೋ ಎಂದು ನಾವೆಲ್ಲ ಹಲಗೆಯ ಬುಡದಲ್ಲಿ ಕೂತು ಲೆಕ್ಕ ಹಾಕುತ್ತಿದ್ದೆವು. ಅವನೂ ನಗುತ್ತಿದ್ದ, ಬಾಯಿಂದ ಮಾತ್ರ.

೧೯೮೬ರಲ್ಲಿ ಭರ್ತಿಗೆ ಹೋದೆ. ಆಗ ಶಾಲೆ ಅರ್ಧಕ್ಕೆ ಬಿಟ್ಟವರನ್ನೂ ತೆಗೆದುಕೊಳ್ಳುತ್ತಿದ್ದರು. ಎದೆ ನೋಡಿದರು, ಎತ್ತರ ನೋಡಿದರು, ಓಡಿಸಿದರು. ಕಬ್ಬಿನ ಹೊರೆ ಹೊತ್ತವನಿಗೆ ಬರಿಮೈಯಲ್ಲಿ ಓಡುವುದು ಯಾವ ಲೆಕ್ಕ? ನಾನು ಮುಂದಿನವರಲ್ಲಿ ಒಬ್ಬನಾಗಿ ಮುಟ್ಟಿದೆ.

ಹೊರಡುವ ದಿನ ಅವ್ವ ಅಳುತ್ತ ಶೇಂಗಾ ಹಿಂಡಿ, ಕಟಕ ರೊಟ್ಟಿ ಕಟ್ಟಿದಳು. ಅಪ್ಪ ಟ್ರಂಕನ್ನು ತಾನೇ ಹೊತ್ತು ಬಸ್ಸಿನ ತನಕ ಬಂದ. ಬಸ್ಸು ಕಾಣಿಸಿದ ಮೇಲೆ ಒಂದೇ ಮಾತು ಆಡಿದ.

"ಹೋಗು. ಖರೇ, ಹೋದ ಮ್ಯಾಲೆ ಮುಗಿಸ್ಕೊಂಡ ಬಾ. ಊರಾಗ ಒಬ್ಬ ಅರ್ಧಾ ಸಾಕು."

ಆ ಅರ್ಧಾ ಫೌಜಿಯೂ ಅಲ್ಲೇ ನಿಂತಿದ್ದ. ಅಪ್ಪನ ಮಾತು ಅವನಿಗೆ ಕೇಳಿತೋ ಇಲ್ಲವೋ. ಬಸ್ಸಿನ ಕಿಟಕಿಯ ಹತ್ತಿರ ಬಂದು, "ಕಾಲ ಜ್ವಾಕಿ, ತಮ್ಮಾ" ಎಂದ. ಹೊಸ ಬೂಟು ಕಡಿಯುತ್ತದೆ, ಬೊಬ್ಬೆ ಏಳುತ್ತವೆ, ಅದಕ್ಕೇ ಹೇಳುತ್ತಿದ್ದಾನೆ ಎಂದುಕೊಂಡೆ. ನನ್ನ ಹಿಮ್ಮಡ ಕಲ್ಲಿನಂತಿದೆ, ಇವನೇನು ಹೇಳುವುದು ಎಂದೂ ಅಂದುಕೊಂಡೆ.

ತರಬೇತಿ ಕೇಂದ್ರ ಇದ್ದದ್ದು ದೂರದಲ್ಲಿ, ಗಿಡವಿಲ್ಲದ ದೊಡ್ಡ ಬಯಲಿನಲ್ಲಿ. ಮೊದಲ ದಿನ ತಲೆ ಬೋಳಿಸಿದರು. ಕನ್ನಡಿಯಲ್ಲಿ ನೋಡಿಕೊಂಡರೆ ಯಾರೋ ಬೇರೆಯವನು. ಪಕ್ಕದ ಕಬ್ಬಿಣದ ಮಂಚ ಬೇಡಕಿಹಾಳದ ಹುಡುಗನಿಗೆ ಸಿಕ್ಕಿತು. ನಾನು ಅವ್ವನ ರೊಟ್ಟಿ ಬಿಚ್ಚಿದ ಕೂಡಲೇ ಅವನು ಮೂಗೆತ್ತಿ, "ಶೇಂಗಾ ಹಿಂಡಿ ಐತೇನಲೇ ಅದ್ರಾಗ? ಘಮಾ ಅಂತೈತಿ" ಎಂದ. ಅಲ್ಲಿಂದ ನಾವು ಗೆಳೆಯರಾದೆವು. ಅವನ ಮನೆಯವರು ಕಬ್ಬಿನ ಹೊಲ ಇದ್ದವರು, ಎರಡು ಭಾವಿ ಇದ್ದವರು. ಅಣ್ಣನ ಸಂಗಡ ಜಗಳ ಮಾಡಿ ಸೈನ್ಯಕ್ಕೆ ಬಂದಿದ್ದ. ನಿಮ್ಮದೇನು ಎಂದು ಕೇಳಿದಾಗ ನನ್ನ ಬಾಯಿಂದ ತಟ್ಟನೆ ಬಂತು:

"ನಮ್ದೂ ಕಬ್ಬ. ನಾಕ ಎಕರೆ."

ಮೊದಮೊದಲು ಎಲ್ಲ ಚೆನ್ನಾಗಿತ್ತು. ಹಗ್ಗ ಹತ್ತುವುದು, ಗೋಡೆ ಜಿಗಿಯುವುದು, ಒಬ್ಬನನ್ನು ಹೆಗಲ ಮೇಲೆ ಹೊತ್ತು ಓಡುವುದು, ಯಾವುದರಲ್ಲೂ ನಾನು ಹಿಂದಿರಲಿಲ್ಲ. ದಪ್ಪನೆಯ ಗೋದಿ ರೊಟ್ಟಿ, ನೀರಿನಂಥ ಬೇಳೆ ಒಗ್ಗಿಹೋಯಿತು. ಆಮೇಲೆ ಪರೇಡು ಶುರುವಾಯಿತು.

ನಮಗೆ ಕವಾಯತು ಕಲಿಸುತ್ತಿದ್ದ ಹವಾಲ್ದಾರರನ್ನು ಉಸ್ತಾದ್ ಎಂದು ಕರೆಯಬೇಕಿತ್ತು. ಸಾತಾರಾ ಕಡೆಯ ರೈತರ ಮಗ. ಒಣಗಿದ ಜಾಲಿಯಂಥ ಮೈ. ಅವರ ಮಾತು ಹಿಂದಿ ಮರಾಠಿ ಕಲಸಿದ್ದು. ನೆನಪಿಗೆ ಬಂದಂತೆ ನನ್ನ ಮಾತಿನಲ್ಲೇ ಬರೆಯುತ್ತೇನೆ. ಅವರು "ಏಕ್, ದೋ, ಏಕ್" ಎಂದು ಕೂಗಿದರೆ ಇಡೀ ಪ್ಲಟೂನಿನ ಬೂಟುಗಳು ಒಂದೇ ಏಟಿಗೆ ರಪ್ ಎಂದು ಬೀಳಬೇಕು. ಬೀಳುತ್ತಿದ್ದವು. ಆದರೆ ಎರಡು ರಪ್‌ಗಳ ನಡುವೆ ಒಂದು ಒಂಟಿ ಸದ್ದು ಬರುತ್ತಿತ್ತು, ಕೆಟ್ಟ ಗಡಿಯಾರದಲ್ಲಿ ಬರುವಂತೆ. ರಪ್, ಟಪ್, ರಪ್, ಟಪ್.

ಆ ಟಪ್ ನನ್ನದು.

ಮೊದಲ ದಿನ ಬೈದರು. ಎರಡನೆಯ ದಿನ ಕೋಳಿಯಂತೆ ಕಿವಿ ಹಿಡಿಸಿ ಕೂರಿಸಿದರು. ಆಮೇಲೆ ಬೆನ್ನಿಗೆ ಮರಳಿನ ಚೀಲ ಕಟ್ಟಿ ಮೈದಾನ ಸುತ್ತಿಸಿದರು. ಬಂದು ಸಾಲಿನಲ್ಲಿ ನಿಂತು ನಡೆದರೆ ಮತ್ತೆ ಅದೇ. ಒಬ್ಬನನ್ನೇ ನಡೆಸಿದರೆ ಸರಿಯಾಗಿ ನಡೆಯುತ್ತಿದ್ದೆ. ಕೈ ಸರಿ, ಕಾಲು ಸರಿ, ಎದೆ ಸರಿ. ಸಾಲಿನಲ್ಲಿ ಹಾಕಿದರೆ ಮುಗಿಯಿತು. ಒಂದು ದಿನ ಉಸ್ತಾದರು ಮುಖಕ್ಕೆ ಮುಖ ತಂದು ನಿಲ್ಲಿಸಿದರು.

"ಕಾಯ್ ರೆ, ಮುದ್ದಾಮ್ ಕರತೋಸ್ ಕಾ? ಬೇಕಂತ್ಲೇ ಮಾಡಾಕತ್ತಿ ಏನು?"

"ಇಲ್ಲ, ಉಸ್ತಾದ್."

"ತಪ್ಪ ಮಾಡಾಂವ ಒಮ್ಮೆ ಹಂಗ ಮಾಡ್ತಾನ, ಒಮ್ಮೆ ಹಿಂಗ ಮಾಡ್ತಾನ. ನೀ ಪ್ರತಿ ಸಲ ಬರೋಬರಿ ಉಲ್ಟಾ. ಒಂದ ಸಲನೂ ಫರಕ ಇಲ್ಲ. ಇಷ್ಟ ಬರೋಬರಿ ತಪ್ಪ ಮಾಡಾಂವ ಧಡ್ಡ ಅಲ್ಲ, ಬದ್ಮಾಶ."

ಯಾಕೆ ಹಾಗಾಗುತ್ತಿದೆ ಎಂದು ನನಗೇ ಗೊತ್ತಿರಲಿಲ್ಲ. ಕಾಲು ನನ್ನವು, ಆದರೆ ನನ್ನ ಮಾತು ಕೇಳುತ್ತಿರಲಿಲ್ಲ. ಎಡಗಾಲು ಇಡು ಎಂದು ಮನಸ್ಸಿನಲ್ಲಿ ಹೇಳಿಕೊಂಡು, ಹಲ್ಲು ಕಚ್ಚಿ, ಮುಂದಿನವನ ಹಿಮ್ಮಡದ ಮೇಲೆ ಕಣ್ಣು ನೆಟ್ಟು ನಡೆಯುತ್ತಿದ್ದೆ. ಸ್ವಲ್ಪ ದೂರ ಸರಿಹೋಗುತ್ತಿತ್ತು. ಆಮೇಲೆ ಕಾಲು ಸಣ್ಣಗೆ ತಡವರಿಸಿ, ತಾನೇ ಅರ್ಧ ಹೆಜ್ಜೆ ಹಿಂದೆ ಸರಿದು, ಮತ್ತೆ ಟಪ್.

ಪರೇಡಿನ ಪರೀಕ್ಷೆ ಹತ್ತಿರ ಬರುತ್ತಿತ್ತು. ಒಮ್ಮೆ ಫೇಲಾದರೆ ನಮ್ಮ ಹಿಂದೆ ಬರುವ ಬ್ಯಾಚು, ಮತ್ತೆ ಫೇಲಾದರೆ ಮನೆಗೆ ರೈಲು ಎಂದು ಹುಡುಗರು ಹೇಳುತ್ತಿದ್ದರು. ನಮ್ಮ ಬ್ಯಾರಕ್ಕಿನಲ್ಲೇ ಒಬ್ಬ, ಯಾವುದೋ ಬೇರೆ ಕಾರಣಕ್ಕೆ, ಮನೆಗೆ ಹೋದ. ಮಧ್ಯಾಹ್ನ ಊಟ ಮಾಡಿ ಬಂದು ನೋಡಿದರೆ ಅವನ ಮಂಚದ ಮೇಲೆ ಗಾದಿಯನ್ನು ಎರಡು ಮಡಿಕೆ ಮಾಡಿ ಇಟ್ಟಿದ್ದರು. ಅರ್ಧ ಮಂಚದ ಮೇಲೆ ಗಾದಿ, ಇನ್ನರ್ಧದಲ್ಲಿ ಬರೀ ಕಬ್ಬಿಣದ ಪಟ್ಟಿ. ನಾನು ಆ ಮಂಚ ಕಾಣಬಾರದೆಂದು ಬಾಗಿಲ ಕಡೆ ತಲೆ ಹಾಕಿ ಮಲಗಲು ಶುರು ಮಾಡಿದೆ.

ಊಟ ಸೇರುತ್ತಿರಲಿಲ್ಲ. ತಟ್ಟೆ ಹಿಡಿದು ಕೂತಾಗಲೂ ಬೆಂಚಿನ ಕೆಳಗೆ ಕಾಲು ಎಡ ಬಲ ಎನ್ನುತ್ತಿದ್ದವು. ಅರ್ಧ ಕಪ್ಪು ತುಂಬುವ ಚಹಾದಂಗಡಿಯವನ ಕೈ ಕಣ್ಣಿಗೆ ಬರುತ್ತಿತ್ತು. ಇನ್ನು ಹೆಣ್ಣು ಯಾರು ಕೊಡುತ್ತಾರೆ, ಕೊಟ್ಟರೂ ಅವಳನ್ನು ಏನೆಂದು ಕರೆಯುತ್ತಾರೆ, ಹುಟ್ಟುವ ಮಗನಿಗೆ ಪಾವ ಎನ್ನುತ್ತಾರೋ, ಆ ಹೆಸರು ಆಗಲೇ ಒಬ್ಬನಿಗೆ ಇದೆಯಲ್ಲ, ನನ್ನ ಮಗನಿಗೆ ಬೇರೆ ಏನು ಹುಡುಕುತ್ತಾರೋ. ಇಂಥವೇ ಯೋಚನೆಗಳು. ಬೇಡಕಿಹಾಳದವನು ಕೇಳಿದರೆ, "ಏನಿಲ್ಲಲೇ, ಬೂಟ ಕಡ್ಯಾಕತ್ತಾವು" ಎನ್ನುತ್ತಿದ್ದೆ. ಅವನಿಗೆ ಹೇಳಿ ಸಹಾಯ ಬೇಡುವುದು ನನ್ನ ಜಾಯಮಾನವಲ್ಲ.

ಒಂದು ಭಾನುವಾರ ಅಡುಗೆಮನೆಯ ಉಗ್ರಾಣಕ್ಕೆ ಗೋದಿಹಿಟ್ಟಿನ ಲಾರಿ ಬಂತು. ಚೀಲ ಇಳಿಸಲು ನಮ್ಮನ್ನು ಕರೆದರು. ಲಾರಿಯಿಂದ ನೆಲಕ್ಕೆ ಒಂದು ಹಲಗೆ ಆನಿಸಿದ್ದರು. ಅದನ್ನು ಕಂಡದ್ದೇ ನನಗೆ ಎಷ್ಟೋ ದಿನಗಳ ಮೇಲೆ ಉಸಿರು ಸಲೀಸಾಯಿತು. ಚೀಲ ಬೆನ್ನಿಗೆ ಏರಿಸಿಕೊಂಡು ಹಲಗೆಯ ಮೇಲೆ ಕಾಲಿಟ್ಟೆ. ಹಿಂದೆಯೇ ಬೇಡಕಿಹಾಳದವನು ಬಂದ. ಅವನ ಕಾಲು ಪರೇಡಿನಲ್ಲಿ ಪಳಗಿದ್ದವು. ನಾನು ಎಡ ಇಟ್ಟರೆ ಅವನೂ ಎಡ, ನಾನು ಬಲ ಇಟ್ಟರೆ ಅವನೂ ಬಲ. ಹಲಗೆ ಜೀಕಿತು. ಮತ್ತೊಮ್ಮೆ ಜೀಕಿತು. ನನಗೆ ಅರಿವಿಲ್ಲದೆ ಗಂಟಲು ಹರಿಯುವಂತೆ ಕೂಗಿದೆ:

"ಹೆಜ್ಜಿ ಮುರೀಲೇ!"

ಅಪ್ಪನ ದನಿ. ಬರೋಬರಿ ಅಪ್ಪನದೇ. ನಾನು ಜಿಗಿದು ನೆಲ ಮುಟ್ಟಿದೆ. ಹಿಂದಿನವನು ಚೀಲದ ಸಮೇತ ಬಿದ್ದು, ಒಡೆದ ಚೀಲದ ಹಿಟ್ಟಿನಲ್ಲಿ ಬೆಳ್ಳಗಾಗಿ ಎದ್ದ.

"ಏನ ಮುರೀಲೇ ಮಗನ? ನನ್ನ ನಡಾ ಮುರೀತಿತ್ತಲ್ಲೋ!"

ನಾನು ಚೀಲ ಅಲ್ಲೇ ಕೆಡವಿ ಲಾರಿಯ ಗಾಲಿಗೆ ಒರಗಿ ಕೂತುಬಿಟ್ಟೆ. ಎಷ್ಟು ವಾರ ಬೈಸಿಕೊಂಡಿದ್ದೆ, ಎಷ್ಟು ಸುತ್ತು ಓಡಿದ್ದೆ. ಮುಂದಿನವನ ಹಿಮ್ಮಡ ನೋಡುತ್ತ ನಡೆದರೆ ಹೆಜ್ಜೆ ಕೂಡುತ್ತದೆ ಎಂದು ನಾನು ನಂಬಿದ್ದೆ. ಆ ಹಿಮ್ಮಡ ನೋಡಿದ್ದಕ್ಕೇ ನನ್ನ ಕಾಲು ಅದರ ಜೊತೆ ಕೂಡಲು ಒಪ್ಪುತ್ತಿರಲಿಲ್ಲ. ಪರೇಡು ಮೈದಾನವನ್ನು ನನ್ನ ಕಾಲು ಹಲಗೆ ಎಂದೇ ತಿಳಿದಿತ್ತು.

ಗೆಳೆಯನಿಗೆ ಹೇಳಲೇಬೇಕಾಯಿತು. ಅವನು ಹಿಟ್ಟು ಕೊಡವಿಕೊಳ್ಳುತ್ತ ಕೇಳಿದ. ಮೊದಲು ಅವನ ತಲೆಗೆ ಹೋದದ್ದು ಬೇರೆಯೇ.

"ಅಂದ್ರ ನೀ ಕಬ್ಬ ಹೇರಾಂವ?"

"ಹೂಂ."

"ನಾಕ ಎಕರೆ ಕಬ್ಬ ಐತಿ ಅಂದಿದ್ದಿ!"

"ಕಬ್ಬ ಐತಿ. ಮಂದೀದು."

ಅವನು ನಗಲು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ನನಗೆ ಸಿಟ್ಟು ಬಂದು ಎದ್ದು ಹೊರಟೆ. ಹಿಂದಿನಿಂದ ಬಂದು ಭುಜ ಹಿಡಿದ. "ಲೇ, ನಿಲ್ಲೋ. ಸೊಕ್ಕ ಆಮ್ಯಾಲೆ ಮಾಡಂತಿ. ಪರೀಕ್ಷಾ ಎಂದ ಐತಿ? ಮೊದಲ ಒಂದ ಹಗ್ಗಾ ಹುಡುಕು."

ಅವನ ಉಪಾಯ ಅವನ ಹೊಲದ್ದೇ. ಹೊಸ ಹೋರಿಯನ್ನು ಪಳಗಿದ ಎತ್ತಿನ ಜೊತೆ ಕಟ್ಟಿ ನಡೆಸುತ್ತಾರಲ್ಲ, ಹಾಗೆ. ಬಟ್ಟೆ ಒಗೆಯುವ ಜಾಗದ ಹಿಂದೆ, ಸಂಜೆ ಬಿಡುವಿನಲ್ಲಿ, ಅವನು ಮುಂದೆ, ನಾನು ಹಿಂದೆ. ಅವನ ಎಡಗಾಲಿಗೂ ನನ್ನ ಎಡಗಾಲಿಗೂ ಒಂದು ಹಗ್ಗ, ಬಲಗಾಲಿಗೂ ಬಲಗಾಲಿಗೂ ಇನ್ನೊಂದು. ಅವನು ಎತ್ತಿದ ಕಾಲನ್ನು ನಾನೂ ಎತ್ತದಿದ್ದರೆ ಇಬ್ಬರೂ ಮೂತಿ ಅಡಿ. ಮೊದಲ ಸಂಜೆ ಬಿದ್ದದ್ದೇ ಹೆಚ್ಚು. ಬಟ್ಟೆ ಒಣಹಾಕಲು ಬಂದವರು ನಿಂತು, "ಎತ್ತ ಎಷ್ಟಕ್ಕ ಕೊಡ್ತೀರಿ?" "ಮುಂದಿನ ಎತ್ತಿನ ಹಲ್ಲ ತೋರಸ್ರಿ, ವಯಸ್ಸ ನೋಡೂಣು" ಎಂದು ಚೇಷ್ಟೆ ಮಾಡುತ್ತಿದ್ದರು. ಬೇಡಕಿಹಾಳದವನು ಎಲ್ಲರಿಗೂ ಹಲ್ಲು ತೋರಿಸುತ್ತಿದ್ದ. ನನಗೆ ಮಾತ್ರ ಕಿವಿ ಕಾಯುತ್ತಿತ್ತು.

ಒಂದು ಸಂಜೆ ಹಗ್ಗದಲ್ಲಿ ಸಿಕ್ಕಿಕೊಂಡು ಬಿದ್ದು ತಲೆ ಎತ್ತಿದರೆ ಮುಂದೆ ಉಸ್ತಾದರ ಬೂಟು. ನನಗೆ ಎದ್ದು ನಿಲ್ಲಲೂ ಆಗಲಿಲ್ಲ, ಕಾಲು ಕಟ್ಟಿದ್ದವು. ಇನ್ನೇನು ಗತಿ ಎಂದುಕೊಂಡೆ. ಗೆಳೆಯ ಬಿದ್ದಲ್ಲಿಂದಲೇ ಎಲ್ಲವನ್ನೂ ಹೇಳಿಬಿಟ್ಟ. ಹಲಗೆ, ಹೊರೆ, ಹೆಜ್ಜೆ ಮುರಿಯುವುದು, ನಾನು ಬೇಡವೆಂದು ಕಣ್ಣು ಕೆಕ್ಕರಿಸಿದರೂ ಎಲ್ಲವನ್ನೂ. ಉಸ್ತಾದರು ನನ್ನನ್ನು ನೋಡಿದರು.

"ಹಮಾಲಿ ಮಾಡ್ತಿದ್ದಿ?"

"ಹೌದು, ಉಸ್ತಾದ್."

"ಹೇಳಾಕ ಏನಾಗಿತ್ತು?"

ಅವರು ಬಗ್ಗಿ, ಸಡಿಲಾಗಿದ್ದ ಬಲಗಾಲಿನ ಗಂಟನ್ನು ತಾವೇ ಬಿಗಿ ಮಾಡಿದರು. ರೈತರ ಗಂಟು, ಎಳೆದರೆ ಇನ್ನೂ ಬಿಗಿಯುವುದು.

"ಹಂಗಾದ್ರ ಇದು ಬದ್ಮಾಶಿ ಅಲ್ಲ, ಚಟ. ಚಟಾ ಬಿಡಸಾಕ ಬರ್ತೈತಿ. ಹಿಮ್ಮಡಾ ನೋಡಬ್ಯಾಡ, ಮುಂದಿನವನ ಕುತಿಗಿ ನೋಡು. ಹೂಂ, ಏಳ್ರಿ ಎತ್ತಗೋಳ್ರ್ಯಾ. ಕತ್ತಲಾಗೂಮಟಾ ನಡೀರಿ."

ಕತ್ತಲಾಗುವ ತನಕ ನಡೆದೆವು, ಆದರೂ ನನಗೆ ಧೈರ್ಯ ಬರಲಿಲ್ಲ. ರೋಗ ಗೊತ್ತಾದರೆ ಗುಣವಾಯಿತು ಎಂದು ಅರ್ಥವೇ?

ಪರೀಕ್ಷೆಯ ದಿನ ಬೆಳಿಗ್ಗೆ ಮೈದಾನದಲ್ಲಿ ಸಾಲಾಗಿ ನಿಂತೆವು. ಪರೀಕ್ಷೆ ನೋಡಲು ಬಂದಿದ್ದ ಸಾಹೇಬರು ಕುರ್ಚಿ ಬಿಟ್ಟು ಎದ್ದು ನಿಂತರು. ಸಾಲಿನಲ್ಲಿ ನನ್ನ ಮುಂದೆ ಬೇಡಕಿಹಾಳದವನೇ ಇದ್ದ, ಅದೊಂದೇ ಧೈರ್ಯ. ಅವನ ಕತ್ತಿನ ಹಿಂದೆ ಒಂದು ಮಚ್ಚೆ ಇತ್ತು. ಅದರ ಮೇಲೆ ಕಣ್ಣು ನೆಟ್ಟೆ. ಆಜ್ಞೆ ಬಂತು, ಹೊರಟೆವು. ರಪ್, ರಪ್, ರಪ್. ಮೈದಾನದ ಆ ತುದಿಯ ತಿರುವಿನಲ್ಲಿ ನನ್ನ ಕಾಲು ತಡವರಿಸಿತು. ಆ ಸಣ್ಣ ತಡವರಿಕೆ ನನಗೆ ಗುರುತಿತ್ತು, ಅದಾದ ಮೇಲೆ ಟಪ್ ಬರುತ್ತದೆ. ಕಾಲಿಗೆ ಹಗ್ಗ ಇದೆ, ಈಗ ತಪ್ಪಿದರೆ ಇಬ್ಬರೂ ಬೀಳುತ್ತೇವೆ ಎಂದುಕೊಂಡೆ. ಇಲ್ಲದ ಹಗ್ಗ ಎಳೆದಂತಾಯಿತು. ರಪ್. ಮತ್ತೆ ರಪ್. ಆ ಒಂಟಿ ಸದ್ದು ಬರಲಿಲ್ಲ. ಸಾಹೇಬರ ಮುಂದೆ ಹಾದುಹೋದೆವು. ನನ್ನ ಕಣ್ಣಲ್ಲಿ ನೀರು ಬಂದು ಮಚ್ಚೆ ಎರಡೆರಡಾಗಿ ಕಂಡಿತು. ಸಾಲು ಒಡೆದ ಮೇಲೆ ಉಸ್ತಾದರು ಹತ್ತಿರ ಹಾದುಹೋಗುತ್ತ, ತಲೆಯನ್ನೂ ತಿರುಗಿಸದೆ, "ಗಾದಿ ಬಿಚ್ಚಿ ಹಾಸ್ಕೊ" ಎಂದರು. ನಾನು ಆ ಮಡಚಿದ ಗಾದಿಗೆ ಅಂಜುತ್ತಿದ್ದದ್ದು ಅವರಿಗೆ ಹೇಗೆ ಗೊತ್ತಿತ್ತೋ.

ಅದಾದ ಕೆಲವು ದಿನಕ್ಕೆ ದೊಡ್ಡ ನಡಿಗೆಗೆ ಕರೆದುಕೊಂಡು ಹೋದರು. ಹಾದಿಯಲ್ಲಿ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿಗೆಯ ಒಂದು ಸೇತುವೆ ಬಂತು. ಅದರ ಬಾಯಲ್ಲಿ ಉಸ್ತಾದರು ಕೂಗಿದರು: ಇಲ್ಲಿಂದ ಕೂಡಿ ಹೆಜ್ಜೆ ಹಾಕಬೇಡಿ, ಬಿಡಿಬಿಡಿಯಾಗಿ ನಡೆಯಿರಿ, ಇಲ್ಲದಿದ್ದರೆ ಸೇತುವೆ ಜೀಕುತ್ತದೆ. ನಮ್ಮ ಹಲಗೆಯ ಕಾನೂನೇ. ಎಲ್ಲರೂ ಸಂತೆಗೆ ಹೊರಟವರಂತೆ ಹೇಗೆಂದರೆ ಹಾಗೆ ನಡೆದರು. ನಾನು ಮಾತ್ರ ಗೆಳೆಯನ ಕತ್ತು ನೋಡುತ್ತ, ಅವನ ಹೆಜ್ಜೆಗೆ ಹೆಜ್ಜೆ ಕೂಡಿಸಿ ರಪ್ ರಪ್ ಎಂದು ಹೋದೆ. ಮುರಿಯಲು ನೋಡಿದೆ, ಆಗಲಿಲ್ಲ. ಸೇತುವೆಯ ಆಚೆ ಉಸ್ತಾದರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರು ನಕ್ಕದ್ದನ್ನು ನಾವು ಮೊದಲ ಸಲ ನೋಡಿದೆವು.

"ಅರೇ ಕಬ್ಬಾ! ಇಲ್ಲಿ ಮುರೀಬೇಕಿತ್ತೋ ಬಾಬಾ, ಇಲ್ಲಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಚಳಕು ಹೊಡೆದಂತಾಯಿತು. ಹಲಗೆಯ ಹೆಜ್ಜೆ ಹೋಗಿಬಿಟ್ಟಿದೆ, ಅದು ಇನ್ನು ಬೇಕೆಂದಾಗ ಬರುವುದಿಲ್ಲ ಎಂದು ಅಲ್ಲಿಯೇ ಗೊತ್ತಾಯಿತು.

ಪ್ರಮಾಣದ ಪರೇಡು ಮುಗಿಸಿ ರಜೆಯ ಮೇಲೆ ಊರಿಗೆ ಬಂದಾಗ ಹಂಗಾಮು ನಡೆದಿತ್ತು. ಚಹಾದಂಗಡಿಯವನು ಕಪ್ಪನ್ನು ಬಸಿಯಲ್ಲಿ ಚೆಲ್ಲುವ ತನಕ ತುಂಬಿ ಕೊಟ್ಟ. ಅವ್ವ ಓಣಿಯವರನ್ನೆಲ್ಲ ಕರೆದು ನನ್ನ ಬೂಟು ತೋರಿಸಿದಳು. ಅಪ್ಪ ನನ್ನ ಟೋಪಿಯನ್ನು ದೇವರ ಜಗಲಿಯ ಪಕ್ಕದ ಗೂಟಕ್ಕೆ ಹಾಕಿದ, ಹಿಂದೆ ನಾನು ಪಾಟೀಚೀಲ ಸಿಗಿಸಿದ್ದ ಗೂಟ.

ಮರುದಿನ ಬೆಳಿಗ್ಗೆ ಹೊಲದಲ್ಲಿ ಲಾರಿ ನಿಂತಿತ್ತು. ಹಳೆಯ ಅಂಗಿ ತೊಟ್ಟು, ಸಿಂಬೆ ಇಟ್ಟುಕೊಂಡು ಹೋದೆ. ಅಪ್ಪ, "ಬ್ಯಾಡೋ, ರಜಾಕ ಬಂದಿ, ಕುಂಡ್ರು" ಎಂದ. ಫೌಜಿಯಾದ ಮೇಲೆ ಮಗನಿಗೆ ಹೊರೆ ಭಾರವಾಯಿತು ಎಂದು ಯಾರಾದರೂ ಅಂದಾರು ಎಂದು ನಾನು ಕೇಳಲಿಲ್ಲ. ಹೊರೆ ಹೊತ್ತೆ. ಮುಂದೆ ಅದೇ ಅರ್ಧಾ ಫೌಜಿ. ಅವನು ಹಲಗೆಯ ನಡುವಿಗೆ ಹೋದಾಗ ನಾನು ಕಾಲಿಟ್ಟೆ.

ಮೊದಲ ಹೆಜ್ಜೆಗೇ ಗೊತ್ತಾಯಿತು. ನನ್ನ ಕಾಲು ಅವನ ಕಾಲಿನ ಜೊತೆಗೇ ಬಿತ್ತು. ಹಲಗೆ ಜೀಕಿತು. ಅಪ್ಪ ಕೂಗಿದ, "ಹೆಜ್ಜಿ ಮುರಿ!" ಮುರಿಯಬೇಕೆಂದು ನನಗೂ ಗೊತ್ತು. ಆದರೆ ಹಗ್ಗ ಎಳೆಯುತ್ತಿತ್ತು. "ಮುರೀಲೇ!" ಮುಂದಿನವನು ತಾನಾದರೂ ಮುರಿಯಲು ನೋಡಿದ. ಅವನು ಮುರಿದ ಕೂಡಲೇ ನನ್ನ ಕಾಲು ಓಡಿಹೋಗಿ ಮತ್ತೆ ಅವನ ಹೆಜ್ಜೆಗೆ ಕೂಡಿತು. ಹಲಗೆ ನಮ್ಮಿಬ್ಬರನ್ನೂ ಎತ್ತಿ ಒಗೆಯಿತು. ಅವನು ರೂಢಿಯವನು, ಹೊರೆ ಬಿಟ್ಟು ಮಗ್ಗುಲಿಗೆ ಜಿಗಿದ. ನಾನು ಮೊಣಕಾಲೂರಿ ಬಿದ್ದೆ, ಹೊರೆ ಬೆನ್ನ ಮೇಲೆ ಬಿತ್ತು.

ಗ್ಯಾಂಗಿನವರು ಪೆಟ್ಟಾಗಿಲ್ಲ ಎಂದು ನೋಡಿಕೊಂಡು ಆಮೇಲೆ ನಕ್ಕರು. "ಫೌಜಿ ಹಲಗೀ ಮ್ಯಾಲ ಪರೇಡ ಮಾಡಾಕತ್ತಾನ!" ಅಪ್ಪ ನಗಲಿಲ್ಲ. ನನ್ನ ಕಾಲನ್ನೇ ನೋಡುತ್ತಿದ್ದ, ಮಾರಿದ ಎತ್ತನ್ನು ಸಂತೆಯಲ್ಲಿ ಮತ್ತೊಮ್ಮೆ ಕಂಡವನಂತೆ.

ಲಾರಿಯ ನೆರಳಲ್ಲಿ ಕೂತು ಮೊಣಕಾಲು ಒರೆಸಿಕೊಳ್ಳುತ್ತಿದ್ದೆ. ಅರ್ಧಾ ಫೌಜಿ ನೀರಿನ ತಂಬಿಗೆ ತಂದು ಪಕ್ಕದಲ್ಲಿ ಕೂತ.

"ಕಲ್ತು ಬಿಟ್ಟಾವಪಾ ನಿನ್ನ ಕಾಲ" ಎಂದ. "ನನ್ನವು ಕಲೀಲಿಲ್ಲ."

ನಾನು ನೀರು ಕುಡಿಯುವುದನ್ನು ನಿಲ್ಲಿಸಿದೆ.

"ಕಾಕಾ, ನೀವು ಇದಕ್ಕ ವಾಪಸ್ ಬಂದ್ರ್ಯಾ?"

"ಮತ್ಯಾತಕ್ಕ? ನಾನೂ ಹಲಗಿ ಹತ್ತಿ ಹೋದಾಂವನ. ಎಲ್ಲಾರೂ ರಪ್ ಅಂದ್ರ ನಂದು ಟಪ್ ಅಂತಿತ್ತು. ಯಾಕ ಅಂತ ನನಗರ ಎಲ್ಲಿ ಗೊತ್ತಿತ್ತು? ಇಲ್ಲಿಗೆ ಬಂದು ಮತ್ತ ಹಲಗಿ ಹತ್ತಿದಾಗ ತಿಳೀತು. ಅಷ್ಟೊತ್ತಿಗೆ ಮುಗದಿತ್ತು."

"ಊರಾಗ ಯಾರ ಮುಂದೂ ಹೇಳ್ಲಿಲ್ರಿ?"

"ಏನಂತ ಹೇಳ್ಲಿ? ನಡ್ಯಾಕ ಬರಲಿಲ್ಲ ಅಂತನಾ?" ಅವನು ತಂಬಿಗೆ ಇಸಿದುಕೊಂಡು ಉಳಿದ ನೀರನ್ನು ತಾನು ಕುಡಿದ. "ಓಡಿ ಬಂದಾನ ಅಂದ್ರ ಅರ್ಧಾ ಆದ್ರೂ ಫೌಜಿ ಅಂತಾರ."

ಆಮೇಲೆ ಎದ್ದು, ನನ್ನ ಸಿಂಬೆಯನ್ನು ಎತ್ತಿ ತನ್ನ ಹೆಗಲಿಗೆ ಹಾಕಿಕೊಂಡ. "ಇನ್ನ ಹಲಗಿ ಹತ್ತಬ್ಯಾಡ. ಮತ್ತ ಇದು ಕಾಲಿಗೆ ಹತ್ತೀತು. ನೀ ಪೂರ್ತಿ ಆಗಿ, ಪೂರ್ತೀನ ಇರು."

ರಜೆ ಮುಗಿಯುವ ತನಕ ನಾನು ಲಾರಿಯ ಹತ್ತಿರ ಸುಳಿಯಲಿಲ್ಲ. ಆದರೂ ವಾಪಸು ಹೋಗುವಾಗ ಬಸ್ಸಿನಲ್ಲಿ, ಆಮೇಲೆ ರೈಲಿನಲ್ಲಿ, ಕಾಲನ್ನು ನೆಲಕ್ಕೆ ಒತ್ತಿ ಹಿಡಿದು ಕೂತಿದ್ದೆ. ಹಲಗೆಯ ಮೇಲಿನ ಆ ನಾಲ್ಕು ಹೆಜ್ಜೆ ಎಲ್ಲಿ ಒಳಗೆ ಸೇರಿಕೊಂಡಿರುತ್ತವೋ ಎಂಬ ಅಂಜಿಕೆ. ಮರುದಿನ ಮೈದಾನದಲ್ಲಿ ಮೊದಲ ರಪ್ ಬಿದ್ದ ಮೇಲೆಯೇ ಉಸಿರು ಬಿಟ್ಟೆ. ಆಮೇಲೆ ಪೂರ್ತಿ ನೌಕರಿ ಮುಗಿಸಿದೆ. ಅಷ್ಟೂ ವರ್ಷಗಳ ಯಾವ ಪರೇಡಿನಲ್ಲೂ ಆ ಅಂಜಿಕೆ ನನ್ನನ್ನು ಪೂರ್ತಿ ಬಿಟ್ಟುಹೋಗಲಿಲ್ಲ.

ಕಾಕಾ ಈಗ ಮುದುಕನಾಗಿದ್ದಾನೆ. ಸಂಜೆ ನಮ್ಮ ಕಟ್ಟೆಗೆ ಬರುತ್ತಾನೆ, ಇಬ್ಬರೂ ಚಹಾದಂಗಡಿಗೆ ನಡೆದು ಹೋಗುತ್ತೇವೆ. ಕೋಲು ಹಿಡಿದರೂ ಅವನ ಹೆಜ್ಜೆ ನನ್ನ ಹೆಜ್ಜೆಯ ಜೊತೆ ಬೀಳುವುದಿಲ್ಲ, ನಡುವೆ ಬೀಳುತ್ತದೆ. ಅಂಗಡಿ ಈಗ ಹಳೆಯವನ ಮಗನದು. ಎರಡು ಕಪ್ಪು ಹೇಳುತ್ತೇನೆ, ಎರಡೂ ತುಂಬಿ ಬರುತ್ತವೆ. ಅವನು ಯಾಕೆ ವಾಪಸು ಬಂದ ಎಂದು ಬರೆಯಲೇ ಎಂದು ಕೇಳಿದ್ದೆ. "ಹೆಸರ ಹಾಕಬ್ಯಾಡ" ಎಂದ. ಹಾಕಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಮೂರು ಖೋಲಿಯ ಮನೆ. ಹೆಂಡತಿ, ಅವಳನ್ನು ಓಣಿಯವರು ಫೌಜಿ ಹೇಣ್ತಿ ಎನ್ನುತ್ತಾರೆ. ಒಬ್ಬ ಮಗ, ಒಬ್ಬಳು ಮಗಳು, ಇಬ್ಬರಿಗೂ ಅವರವರ ಹೆಸರೇ ಇದೆ. ಒಂದು ಜೊತೆ ಕಪ್ಪು ಬೂಟು. ಅಪ್ಪನ ಹಲಗೆ, ಅಟ್ಟದ ಮೇಲೆ. ಎರಡು ಎಕರೆ ಕಬ್ಬು, ಆವತ್ತು ಗೆಳೆಯನಿಗೆ ಹೇಳಿದ್ದರಲ್ಲಿ ಅರ್ಧ. ಎರಡು ಎಮ್ಮೆ, ಒಂದು ಗಬ್ಬವಾಗಿದೆ.